ಐದೂವರೆ ಗಂಟೆಯ ತಪ್ಪು

ಹ್ಯಾಮ್ ಲೈಸೆನ್ಸ್ ಕೈಗೆ ಬಂದಾಗ ನನ್ನ ಹತ್ತಿರ ಸ್ವಂತ ರೇಡಿಯೊ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಮಾತ್ರ ಸಂಪರ್ಕಗಳನ್ನು ದಾಖಲಿಸುವ ನಾಲ್ಕು ಲಾಗಿಂಗ್ ಸಾಫ್ಟ್‌ವೇರ್ ಇದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ.

ನಾಲ್ಕರಲ್ಲಿ ನಾನು ಆರಿಸಿದ್ದು ಅತಿ ಹೆಚ್ಚು ಗುಂಡಿಗಳಿದ್ದದ್ದನ್ನು. ಪ್ರಪಂಚದ ನಕ್ಷೆ, ಅದರ ಮೇಲೆ ಹಗಲು ರಾತ್ರಿಯ ಗಡಿ, ಆಂಟೆನಾ ತಿರುಗಿಸುವ ರೋಟೇಟರಿಗೊಂದು ಬೇರೆ ಕಿಟಕಿ. ನನ್ನದೋ ನೀರಿನ ಟ್ಯಾಂಕಿಗೂ ತೆಂಗಿನಮರಕ್ಕೂ ನಡುವೆ ಬಿಗಿದ 20 ಮೀಟರ್ ಉದ್ದದ ಡೈಪೋಲ್ ತಂತಿ. ಅದನ್ನು ತಿರುಗಿಸಬೇಕೆಂದರೆ ಮರವನ್ನೇ ತಿರುಗಿಸಬೇಕು.

ಎಲ್ಲ ಕಿಟಕಿ ತೆರೆದು ನೋಡಿದವನು ಸಮಯದ ಸೆಟ್ಟಿಂಗ್ ನೋಡಲಿಲ್ಲ. ಹ್ಯಾಮ್‌ಗಳ ಲಾಗ್ ಜಗತ್ತಿನೆಲ್ಲೆಡೆ ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ ಇರುತ್ತದೆ ಎಂದು ಪರೀಕ್ಷೆಗೆ ಓದಿದ್ದೆ. ಆದರೂ ಮಾತಾಡಿದ ಸಂಪರ್ಕಗಳನ್ನೆಲ್ಲ ಕೈಗಡಿಯಾರ ನೋಡಿಕೊಂಡು ತುಂಬಿಸುತ್ತ ಹೋದೆ. ಮಾತಿಲ್ಲದೆ ಕಂಪ್ಯೂಟರ್ ಮೂಲಕ ನಡೆಯುವ ಎಫ್‌ಟಿ8 ಸಂಪರ್ಕಗಳನ್ನು ಡಬ್ಲ್ಯುಎಸ್‌ಜೆಟಿ-ಎಕ್ಸ್ ಸಾಫ್ಟ್‌ವೇರ್ ತಾನೇ ಯುಟಿಸಿಯಲ್ಲಿ ಬರೆದುಕೊಳ್ಳುತ್ತಿತ್ತು. ಹೀಗೆ ಒಂದೇ ಲಾಗಿನಲ್ಲಿ ಎರಡು ಕಾಲ ಬೆರೆತವು.

ಆರು ತಿಂಗಳಾದ ಮೇಲೆ ಎರಡೂ ಕಡೆಯ ಲಾಗ್ ಹೋಲಿಸಿ ಸಂಪರ್ಕ ಖಚಿತಪಡಿಸುವ, ಅಮೆರಿಕದ ಹ್ಯಾಮ್ ಸಂಸ್ಥೆ ಎಆರ್‌ಆರ್‌ಎಲ್ ನಡೆಸುವ ಲಾಗ್‌ಬುಕ್ ಆಫ್ ದ ವರ್ಲ್ಡ್‌ಗೆ ಎಲ್ಲವನ್ನೂ ಏರಿಸಿದೆ. ಎಫ್‌ಟಿ8ನವು ಒಂದರ ಹಿಂದೊಂದು ಖಚಿತವಾದವು. ಮಾತಿನವು ಒಂದೂ ಆಗಲಿಲ್ಲ. ಆಚೆಯವರು ಲಾಗ್ ಕಳಿಸಿಲ್ಲ, ಸೋಮಾರಿಗಳು ಎಂದು ಬೈದುಕೊಂಡೆ. ಅಲ್ಲಿ ಎರಡೂ ಕಡೆಯ ಸಮಯ 30 ನಿಮಿಷದೊಳಗೆ ಹೊಂದಬೇಕು. ನನ್ನದು ಐದೂವರೆ ಗಂಟೆ ಮುಂದಿತ್ತು.

ತಪ್ಪು ಹಿಡಿದದ್ದು ಒಬ್ಬ ಹಿರಿಯ ಹ್ಯಾಮ್, ಅದೂ ಗಡಿಯಾರದಿಂದಲ್ಲ. ಪರದೆಯ ಮೇಲೆ ಬೆರಳಿಟ್ಟು, "40 ಮೀಟರಿನಲ್ಲಿ ಇಟಲಿ, 05:10 ಯುಟಿಸಿ? ಅಂದರೆ ನಮ್ಮ ಬೆಳಿಗ್ಗೆ 10:40. ಆ ಬಿಸಿಲಲ್ಲಿ ಅಯಾನುಗೋಳದ ಡಿ ಪದರ ನಿನ್ನ ಸಿಗ್ನಲ್ ನುಂಗಿಹಾಕುತ್ತಪ್ಪಾ" ಎಂದರು. ಮಾತಾಡಿದ್ದು ನಸುಕಿನಲ್ಲಿ, ಹಾಲಿನವನು ಬರುವ ಮೊದಲು. ಲಾಗಿನಲ್ಲಿ ತುಂಬಿಸಿದ್ದು ಕೈಗಡಿಯಾರದ ಸಮಯ ಎಂದು ಆಗ ನೆನಪಾಯಿತು.

ಪುಣ್ಯಕ್ಕೆ ಆ ಸಾಫ್ಟ್‌ವೇರಿನಿಂದ ಲಾಗನ್ನು ಎಡಿಐಎಫ್ ಕಡತವಾಗಿ ಹೊರತೆಗೆಯಲು ಬರುತ್ತಿತ್ತು. ಒಳಗಿರುವುದು ಬರೀ ಪಠ್ಯ: ಕರೆಸಂಕೇತ, ದಿನಾಂಕ, ಸಮಯ, ಬ್ಯಾಂಡ್, ಮೋಡ್. ನೋಟ್‌ಪ್ಯಾಡಿನಲ್ಲೇ ತೆರೆದು ಮಾತಿನ ಸಂಪರ್ಕಗಳಿಗೆ ಮಾತ್ರ ಐದೂವರೆ ಗಂಟೆ ಕಳೆದೆ. ಬೆಳಗಿನ 5:30ಕ್ಕಿಂತ ಮುಂಚಿನವಕ್ಕೆ ದಿನಾಂಕವೂ ಹಿಂದೆ ಹೋಗಬೇಕು. ಇಟಲಿಯದು ಹಿಂದಿನ ರಾತ್ರಿ 23:40ಕ್ಕೆ ಸರಿಯಿತು. ಎರಡು ಭಾನುವಾರ ಹಿಡಿಯಿತು. ಮತ್ತೆ ಏರಿಸಿದ ವಾರದಲ್ಲೇ ಇಟಲಿ ಖಚಿತವಾಯಿತು. ಮೊದಲಿನ ತಪ್ಪು ನಮೂದುಗಳನ್ನು ಅಲ್ಲಿಂದ ಅಳಿಸಲು ಬರುವುದಿಲ್ಲ. ಜೋಡಿ ಸಿಗದೆ ಇಂದಿಗೂ ಕೂತಿವೆ, ಪಾಪ.

ಈಗ ವಿಂಡೋಸಿನಲ್ಲಿ ಲಾಗ್4ಓಎಮ್ ಬಳಸುತ್ತೇನೆ. ಸ್ಪರ್ಧೆಯ ದಿನ ಮಾತ್ರ ಎನ್1ಎಮ್‌ಎಮ್, ಆಯೋಜಕರು ಕೇಳುವ ಕ್ಯಾಬ್ರಿಲೊ ಕಡತ ಅದರಿಂದ ಸಲೀಸಾಗಿ ಬರುತ್ತದೆ. ಲಿನಕ್ಸ್ ಇರುವ ಗೆಳೆಯನಿಗೆ ಸಿಕ್ಯೂಆರ್‌ಲಾಗ್ ಒಗ್ಗಿದೆ. ಯಾವುದು ಒಳ್ಳೆಯದೆಂದು ಹೊಸಬರು ಕೇಳಿದರೆ ಹೆಸರು ಹೇಳುವುದಿಲ್ಲ. ಹತ್ತು ಸುಳ್ಳು ಸಂಪರ್ಕ ತುಂಬಿಸಿ, ಎಡಿಐಎಫ್ ಆಗಿ ಹೊರತೆಗೆದು, ನೋಟ್‌ಪ್ಯಾಡಿನಲ್ಲಿ ಸಮಯ ಓದಿ ಎನ್ನುತ್ತೇನೆ. ನಕ್ಷೆಗಿಕ್ಷೆ ಆಮೇಲೆ.

ರೇಡಿಯೊ ಮೇಜಿನ ಎದುರು ಗೋಡೆಗೆ ಎರಡನೇ ಗಡಿಯಾರ ಬಂದಿದೆ. ಅದು ಹಿಂದೆ ಬಿದ್ದಿದೆಯೆಂದು ಅಮ್ಮ ಎರಡು ಸಲ ಸರಿಮಾಡಿಟ್ಟಿದ್ದಾಳೆ.