ಮೇಡಂ ನಿವೃತ್ತರಾಗುತ್ತಿದ್ದಾರೆ, ತಂಡವನ್ನು ಯಾರ ಕೈಗೆ ಕೊಡೋಣ?

ಪ್ರಶ್ನೆ: ನಾನು ಚನ್ನಗಿರಿ ಕಡೆಯ ಒಂದು ಅನುದಾನಿತ ಕಾಲೇಜಿನ ಆಡಳಿತ ಮಂಡಳಿ ಕಾರ್ಯದರ್ಶಿ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕಿ ಬರುವ ಮೇ ಕೊನೆಗೆ ನಿವೃತ್ತರಾಗುತ್ತಾರೆ. ಈ ಭಾಗದಲ್ಲಿ ಹೆಣ್ಣುಮಕ್ಕಳೆಲ್ಲ ಕಬಡ್ಡಿ, ಖೋ-ಖೋ ಆಡುತ್ತಿದ್ದ ಕಾಲದಲ್ಲಿ ಹಟ ಹಿಡಿದು ಸಿಮೆಂಟಿನ ಕೋರ್ಟ್ ಹಾಕಿಸಿ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದವರು. ಅಡಿಕೆ ಸುಗ್ಗಿಯಲ್ಲಿ ಊರಿನ ಕೇಣಿದಾರರು ಆ ಕೋರ್ಟಿನ ಮೇಲೆ ಅಡಿಕೆ ಒಣಹಾಕಲು ಕೇಳಿದಾಗ, ನಮ್ಮ ಅಧ್ಯಕ್ಷರೇ ಹೂಂ ಅಂದಿದ್ದರೂ ಬೆಳಗ್ಗೆ ಐದೂವರೆಗೆ ಹುಡುಗಿಯರನ್ನು ಕರೆತಂದು ಆಟಕ್ಕೆ ನಿಲ್ಲಿಸಿಬಿಟ್ಟಿದ್ದರು. ಅಂಥವರ ಜಾಗಕ್ಕೆ ಈಗ ಮೂರು ಹೆಸರಿವೆ. ಒಬ್ಬರು ನ್ಯಾಮತಿಯವರು, ನಮ್ಮದೇ ಹಳೆಯ ವಿದ್ಯಾರ್ಥಿನಿ, ಬಿ.ಪಿ.ಇಡಿ. ಮುಗಿಸಿ ವರ್ಷಗಳಿಂದ ಗೌರವಧನದ ಮೇಲೆ ಮೇಡಂ ಜೊತೆಗಿದ್ದಾರೆ. ಹುಡುಗಿಯರಿಗೆಲ್ಲ ‘ಅಕ್ಕ’. ಇನ್ನೊಬ್ಬರು ಜಗಳೂರಿನವರು, ಎಂ.ಪಿ.ಇಡಿ., ನೆಟ್, ಎನ್‌ಐಎಸ್ ಡಿಪ್ಲೊಮಾ ಎಲ್ಲ ಇದೆ, ಆದರೆ ನಮಗೆ ಪರಿಚಯವಿಲ್ಲ. ಮೂರನೆಯವರು ಹೊನ್ನಾಳಿಯವರು, ನಮ್ಮ ಸದಸ್ಯರೊಬ್ಬರ ಅಳಿಯ. ಮೇಡಂ ಕೇಳಿದರೆ ‘ನೀವೇ ನೋಡಿಕೊಳ್ಳಿ’ ಅನ್ನುತ್ತಾರೆ. ಹುಡುಗಿಯರು ಅಳುತ್ತಿದ್ದಾರೆ. ಇಬ್ಬರ ತಂದೆಯರು ‘ಮೇಡಂ ಇಲ್ಲದಿದ್ದರೆ ಮಗಳನ್ನು ಆಟಕ್ಕೆ ಕಳಿಸಲ್ಲ’ ಎಂದಿದ್ದಾರೆ. ಅವರಂಥವರನ್ನು ಎಲ್ಲಿಂದ ತರುವುದು? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಕಾರ್ಯದರ್ಶಿಗಳೇ, ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಒಂದು ಕಾಲೇಜಿನ ಆಡಳಿತ ಮಂಡಳಿಯವರು ಹೆಣ್ಣುಮಕ್ಕಳ ತಂಡದ ಚಿಂತೆಯಲ್ಲಿ ನಿದ್ದೆಗೆಡುತ್ತಾರೆಂದರೆ, ಆ ಮೇಡಂ ಇಷ್ಟು ವರ್ಷ ಪಟ್ಟ ಪಾಡು ವ್ಯರ್ಥವಾಗಿಲ್ಲ ಎಂದೇ ನನ್ನ ಲೆಕ್ಕ.

ಅವರಂಥವರನ್ನು ಎಲ್ಲಿಂದ ತರುವುದು ಎಂದು ಕೇಳಿದ್ದೀರಿ. ಎಲ್ಲಿಂದಲೂ ತರಲಾಗದು. ಈ ಹುಡುಕಾಟವನ್ನು ಇವತ್ತೇ ಬಿಟ್ಟುಬಿಡಿ, ಏಕೆಂದರೆ ಬರುವವರನ್ನು ಮೊದಲ ದಿನವೇ ಸೋಲಿಸುವುದು ಇದೇ ಹುಡುಕಾಟ. ಇದಕ್ಕೆ ಸಾಕ್ಷಿ ದೂರದ್ದು, ಆದರೂ ಹೇಳುತ್ತೇನೆ. ಅಮೆರಿಕದ ಟೆನಿಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನು ಪ್ಯಾಟ್ ಸಮಿಟ್ 1974ರಲ್ಲಿ ವಹಿಸಿಕೊಂಡಾಗ ಅವರಿಗೆ 22 ವರ್ಷ. ಆಟಗಾರ್ತಿಯರ ಬಟ್ಟೆ ತಾವೇ ಒಗೆದು, ವ್ಯಾನನ್ನೂ ತಾವೇ ಓಡಿಸುತ್ತಿದ್ದ ಹೆಂಗಸು. 38 ಋತುಗಳಲ್ಲಿ 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಮರೆವಿನ ಕಾಯಿಲೆ ಬಂದಿದೆಯೆಂದು 2011ರಲ್ಲಿ ತಾವೇ ಬಹಿರಂಗವಾಗಿ ಹೇಳಿ, ಇನ್ನೊಂದು ಋತು ತಂಡದ ಜೊತೆಗಿದ್ದು, 2012ರಲ್ಲಿ ಜವಾಬ್ದಾರಿ ಬಿಟ್ಟುಕೊಟ್ಟರು. ಅವರ ಜಾಗಕ್ಕೆ ಬಂದವರು ಹಾಲಿ ವಾರ್ಲಿಕ್. ಸಮಿಟ್ ಕೈಕೆಳಗೇ ಆಡಿದವರು, ಆಮೇಲೆ 27 ವರ್ಷ ಅವರ ಸಹಾಯಕಿ. ನಿಮ್ಮ ನ್ಯಾಮತಿಯ ಅಕ್ಕನ ಹಾಗೆಯೇ. ಮೊದಲ ನಾಲ್ಕು ವರ್ಷಗಳಲ್ಲಿ ಮೂರು ಸಲ ದೇಶದ ಕೊನೆಯ ಎಂಟು ತಂಡಗಳ ಸುತ್ತಿಗೆ ತಂಡವನ್ನು ಒಯ್ದರು. ಬೇರೆ ಯಾವ ಕಾಲೇಜಿನಲ್ಲಾದರೂ ಮೆರವಣಿಗೆ ಮಾಡುತ್ತಿದ್ದರು. ಅಲ್ಲಿ 2019ರಲ್ಲಿ ಮನೆಗೆ ಕಳಿಸಿದರು. ಅನಂತರ ಸಮಿಟ್ ಅವರ ಇನ್ನೊಬ್ಬ ಶಿಷ್ಯೆ ಕೆಲ್ಲಿ ಹಾರ್ಪರ್ ಬಂದರು, ಐದು ಋತು ಇದ್ದರು, ಅವರನ್ನೂ ಬಿಟ್ಟರು. 2024ರಲ್ಲಿ ಹೊರಗಿನಿಂದ ಕಿಮ್ ಕಾಲ್ಡ್‌ವೆಲ್ ಅವರನ್ನು ಕರೆತಂದರು.

ಹಾಗಾದರೆ ಹೊರಗಿನವರೇ ಮೇಲು ಅನ್ನೋಣವೇ? ಅದೂ ಅಷ್ಟು ಸಲೀಸಲ್ಲ. ಅಮೆರಿಕದ್ದೇ ಆದ ಯುಸಿಎಲ್‌ಎ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 12 ವರ್ಷಗಳಲ್ಲಿ 10 ಪ್ರಶಸ್ತಿ ತಂದ ಜಾನ್ ವುಡನ್ 1975ರಲ್ಲಿ ನಿವೃತ್ತರಾದಾಗ ಹೊರಗಿನಿಂದ ಬಂದ ಜೀನ್ ಬಾರ್ಟೊ 61 ಪಂದ್ಯಗಳಲ್ಲಿ 52 ಗೆದ್ದರು. ಒಂಬತ್ತು ಸೋತದ್ದನ್ನೇ ಜನ ಎಣಿಸಿದರು. ಎರಡೇ ವರ್ಷಕ್ಕೆ ಅವರೇ ಬಿಟ್ಟು ಹೋದರು. ಆ ಕಾಲೇಜಿಗೆ ಮುಂದಿನ ಪ್ರಶಸ್ತಿ ಬಂದದ್ದು 1995ರಲ್ಲಿ.

ಒಳಗಿನವರೋ ಹೊರಗಿನವರೋ ಎಂದು ನೀವು ಹಚ್ಚಿಕೊಂಡಿರುವ ಚಿಂತೆಗಿಂತ, ಬಂದವರನ್ನು ನೀವು ಯಾವ ಅಳತೆಯಲ್ಲಿ ಅಳೆಯುತ್ತೀರಿ ಎನ್ನುವುದು ದೊಡ್ಡದು. ಆ ಅಳತೆ ನಿಮ್ಮ ಮಂಡಳಿಯ ಕೈಯಲ್ಲಿದೆ. ಅದನ್ನು ನೇಮಕಕ್ಕೆ ಮೊದಲೇ ನಿರ್ಧರಿಸಿ, ಬರೆದಿಟ್ಟುಕೊಳ್ಳಿ. ಏಕೆನ್ನುತ್ತೀರಾ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಹಿಳಾ ತಂಡದ ತರಬೇತುದಾರ್ತಿ ಟಾರಾ ವ್ಯಾನ್‌ಡರ್‌ವೀರ್ 1,216 ಗೆಲುವುಗಳೊಂದಿಗೆ 2024ರಲ್ಲಿ ನಿವೃತ್ತರಾದರು. ಅವರ ಶಿಷ್ಯೆ ಕೇಟ್ ಪೇ ವಹಿಸಿಕೊಂಡ ಮೊದಲ ವರ್ಷ 16 ಗೆಲುವು, 15 ಸೋಲು. 1987ರ ನಂತರ ಮೊದಲ ಸಲ ಆ ತಂಡಕ್ಕೆ ರಾಷ್ಟ್ರೀಯ ಟೂರ್ನಿಯಲ್ಲಿ ಜಾಗ ಸಿಗಲಿಲ್ಲ. ಅಷ್ಟು ಹಣ, ಅಷ್ಟು ಹೆಸರು ಇರುವ ಕಡೆಯೇ ಹೀಗಾಗುತ್ತದೆ. ನಿಮ್ಮಲ್ಲಿಯೂ ಮೊದಲ ವರ್ಷ ಅಂತರ ಕಾಲೇಜು ಪಂದ್ಯಾವಳಿಯ ಕಪ್ಪು ದಾವಣಗೆರೆಯ ಯಾವುದೋ ಕಾಲೇಜಿಗೆ ಹೋಗಬಹುದು. ಆಗ ಏನು ಮಾಡುತ್ತೇವೆ ಎಂದು ಸಭೆಯಲ್ಲಿ ಈಗಲೇ ಮಾತಾಡಿ ಮುಗಿಸಿ.

ಇನ್ನು ನಿಮ್ಮ ಮೂರು ಹೆಸರುಗಳಿಗೆ ಬರುತ್ತೇನೆ. ಹೊನ್ನಾಳಿಯವರ ವಿಷಯ ಬೇಗ ಮುಗಿಸೋಣ. ಅವರು ಒಳ್ಳೆಯ ಮೇಷ್ಟ್ರೇ ಇರಬಹುದು. ಆದರೆ ಅವರ ಬಗ್ಗೆ ನೀವು ಬರೆದಿರುವುದು ಸದಸ್ಯರ ಅಳಿಯ ಎಂಬುದಷ್ಟೇ. ಆ ಮನುಷ್ಯನ ಆಟ, ಓದು, ಅನುಭವ ಒಂದೂ ನಿಮಗೆ ಬರೆಯಲು ನೆನಪಾಗಲಿಲ್ಲ. ಉಳಿದಿಬ್ಬರ ಜೊತೆ ಅವರೂ ಅರ್ಜಿ ಹಾಕಲಿ, ಆಯ್ಕೆಯ ದಿನ ಆ ಸದಸ್ಯರು ಸಭೆಯಲ್ಲಿ ಕೂರದಿರಲಿ. ನೇಮಕವಾದವರು ಸಂಬಂಧಿಕರು ಎಂಬ ಮಾತು ಊರಲ್ಲಿ ಎದ್ದರೆ, ಮಗಳನ್ನು ಕಳಿಸಲ್ಲ ಎನ್ನುವ ತಂದೆಯರು ಇಬ್ಬರಿಗೆ ನಿಲ್ಲುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ನ್ಯಾಮತಿಯ ಹೆಣ್ಣುಮಗಳು. ನಿಮ್ಮ ಪತ್ರದಲ್ಲಿ ಅಧ್ಯಕ್ಷರ ಮಾತಿದೆ, ಮೇಡಂ ಮಾತಿದೆ, ಹುಡುಗಿಯರ ಅಳು ಇದೆ, ತಂದೆಯರ ಹಟ ಇದೆ. ಆಕೆಯದು ಒಂದು ಮಾತೂ ಇಲ್ಲ. ‘ಈ ಕೆಲಸ ನಿನಗೆ ಬೇಕೇನಮ್ಮ’ ಎಂದು ಯಾರಾದರೂ ಕೇಳಿದ್ದೀರಾ? ವರ್ಷಗಟ್ಟಲೆ ಗೌರವಧನದಲ್ಲಿ ದುಡಿದವರನ್ನು ಕೇಳದೆಯೇ ಪಟ್ಟಿಗೆ ಸೇರಿಸುವುದೂ, ಕೇಳದೆಯೇ ಕೈಬಿಡುವುದೂ ನಮ್ಮ ಸಂಸ್ಥೆಗಳಲ್ಲಿ ಎಷ್ಟು ಸಲೀಸಾಗಿ ನಡೆದುಹೋಗುತ್ತದೆ! ಮೊದಲು ಅವರನ್ನು ಕರೆಸಿ. ಮೇಡಂ ಎದುರಿಗೆ ಬೇಡ, ಇಡೀ ಮಂಡಳಿಯ ಮುಂದೆಯೂ ಬೇಡ. ನೀವು ಮತ್ತು ಪ್ರಾಂಶುಪಾಲರು ಇದ್ದರೆ ಸಾಕು. ಎರಡು ಪ್ರಶ್ನೆ ಕೇಳಿ. ಈ ಕೆಲಸ ಬೇಕೇ? ಬಂದರೆ ಮೇಡಂ ಮಾಡುತ್ತಿದ್ದುದರಲ್ಲಿ ಯಾವುದನ್ನು ಬದಲಿಸುತ್ತೀರಿ?

ಎರಡನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೆ ನನ್ನ ಸಲಹೆ ನಿಂತಿದೆ. ‘ಬೆಳಗಿನ ಅಭ್ಯಾಸದ ಹೊತ್ತು ಬದಲಿಸುತ್ತೇನೆ’, ‘ಕುಳ್ಳಗಿದ್ದಾರೆಂದು ಬಿಟ್ಟವರನ್ನು ಗಾರ್ಡ್ ಜಾಗಕ್ಕೆ ತಯಾರು ಮಾಡುತ್ತೇನೆ’ ಎಂದು ಏನಾದರೊಂದು ತಮ್ಮದನ್ನು ಹೇಳಿದರೆ, ಧೈರ್ಯವಾಗಿ ತಂಡವನ್ನು ಅವರಿಗೇ ಕೊಡಿ. ಆದರೆ ಅವರಲ್ಲಿರುವುದು ಬಿ.ಪಿ.ಇಡಿ. ಮಾತ್ರ, ನಿರ್ದೇಶಕರ ಹುದ್ದೆಗೆ ಯುಜಿಸಿ ನಿಯಮದಂತೆ ಎಂ.ಪಿ.ಇಡಿ. ಬೇಕು, ನೆಟ್ ಅಥವಾ ತತ್ಸಮಾನ ಅರ್ಹತೆ ಬೇಕು, ದೈಹಿಕ ಕ್ಷಮತೆಯ ಪರೀಕ್ಷೆಯೂ ಇದೆ. ಅನುದಾನಿತ ಹುದ್ದೆ ತುಂಬಲು ಸರ್ಕಾರದ ಅನುಮತಿ ಬರುವವರೆಗೆ ಹೇಗೂ ಕಾಯಬೇಕು. ಅಷ್ಟರಲ್ಲಿ ಅವರನ್ನು ತಂಡದ ತರಬೇತುದಾರರೆಂದು ಸಂಸ್ಥೆಯ ಹಣದಲ್ಲಿ ನೇಮಿಸಿ, ಓದು ಮುಂದುವರಿಸಲು ರಜೆ ಕೊಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಅವರಿಗೆ ದೂರವೇನಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಆರು ವಾರಗಳ ತರಬೇತಿ ಕೋರ್ಸೂ ಇದೆ, ಅದರ ಖರ್ಚು ನೀವು ಹೊರಿ.

ಒಂದು ವೇಳೆ ‘ಮೇಡಂ ಹೇಗೆ ಹೇಳಿದರೆ ಹಾಗೆ’ ಎಂದರೆ, ಅದು ಅವರ ದೊಡ್ಡ ಗುಣ, ಆದರೆ ಹೊಣೆ ಅವರಿಗೆ ಹೊರಿಸಬೇಡಿ. ಹಾಗೆ ಹೊರಿಸಿದರೆ ಪ್ರತಿ ಸೋಲಿಗೂ ಮೇಡಂಗೆ ಫೋನ್ ಹೋಗುತ್ತದೆ, ಹುಡುಗಿಯರಿಗೆ ಅದು ತಿಳಿದುಹೋಗುತ್ತದೆ. ಆಗ ಜಗಳೂರಿನವರನ್ನು ಕರೆಯಿರಿ. ಅಕ್ಕನನ್ನು ಸಹಾಯಕಿಯಾಗಿ ಉಳಿಸಿಕೊಂಡು ಗೌರವಧನದ ಬದಲು ಮರ್ಯಾದೆಯ ಸಂಬಳ ಕೊಡಿ.

ಪರಿಚಯವಿಲ್ಲ ಎಂಬುದನ್ನು ಜಗಳೂರಿನವರ ದೋಷದ ಹಾಗೆ ಬರೆದಿದ್ದೀರಿ. ಪರಿಚಯ ಮಾಡಿಕೊಳ್ಳುವುದು ನಿಮ್ಮ ಕೆಲಸ. ಮೇಡಂ ರಜೆಯಲ್ಲಿರುವ ಒಂದು ವಾರ ಅವರಿಗೆ ತಂಡ ಬಿಟ್ಟುಕೊಡಿ. ಶೂಟಿಂಗ್, ಡ್ರಿಬ್ಲಿಂಗ್ ಹೇಗೆ ಕಲಿಸುತ್ತಾರೆಂದು ನಿಮಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಬೆಂಚಿನ ತುದಿಯಲ್ಲಿ ಕೂತಿರುವ ಹನ್ನೆರಡನೆಯ ಹುಡುಗಿಯ ಹೆಸರು ಅವರಿಗೆ ಎಷ್ಟನೇ ದಿನ ಗೊತ್ತಾಯಿತು ಎಂದು ನೋಡಿ. ಚೆಂಡು ಕೈಬಿಟ್ಟವಳಿಗೆ ಏನು ಹೇಳಿದರು ಎಂದು ಕೇಳಿಸಿಕೊಳ್ಳಿ. ವಾರ ಮುಗಿದ ಮೇಲೆ ಕ್ಯಾಪ್ಟನ್ ಜೊತೆ ಮೊದಲ ವರ್ಷದ ಇಬ್ಬರನ್ನೂ ಕರೆದು ಮಾತಾಡಿಸಿ. ದೊಡ್ಡವರು ಮೇಡಂ ಮೇಲಿನ ಪ್ರೀತಿಯಿಂದ ಯಾರನ್ನೂ ಒಪ್ಪಲಿಕ್ಕಿಲ್ಲ. ಹೊಸ ತರಬೇತುದಾರರ ಜೊತೆ ಇನ್ನೆರಡು ವರ್ಷ ಕಳೆಯಬೇಕಾದವರು ಚಿಕ್ಕವರು.

ಇಷ್ಟಾದರೂ ಒಂದು ಕೆಲಸ ಬಾಕಿ ಇದೆ, ಎಲ್ಲಕ್ಕಿಂತ ತುರ್ತಿನದು. ಮೇಡಂ ನಿಜವಾಗಿ ಏನೇನು ಮಾಡುತ್ತಿದ್ದರು ಎಂದು ನಿಮಗೆ ಗೊತ್ತೇ? ಕೋರ್ಟಿನ ಮೇಲೆ ಕಂಡದ್ದು ಅರ್ಧ ಮಾತ್ರ. ಮಗಳನ್ನು ಟೂರ್ನಿಗೆ ಕಳಿಸಲು ಒಪ್ಪದ ಅಪ್ಪನ ಮನೆಗೆ ಹೋಗಿ, ಜಗುಲಿ ಮೇಲೆ ಕೂತು, ಕೊಟ್ಟ ಚಹಾ ಕುಡಿದು ಒಪ್ಪಿಸಿ ಬಂದವರು ಯಾರು? ಪಂದ್ಯ ತಡವಾಗಿ ಕೊನೆ ಬಸ್ಸು ತಪ್ಪಿದ ರಾತ್ರಿ ಜಗಳೂರು, ನ್ಯಾಮತಿಯ ಹಳ್ಳಿಗಳ ಹುಡುಗಿಯರು ಯಾರ ಮನೆಯಲ್ಲಿ ಮಲಗಿದರು? ಆ ಇಬ್ಬರು ತಂದೆಯರ ಭಯ ಇಲ್ಲಿಯದು. ಅವರು ನಂಬಿದ್ದು ಆಟವನ್ನಲ್ಲ, ಒಬ್ಬ ಹೆಂಗಸನ್ನು. ಈ ಕೆಲಸವನ್ನೆಲ್ಲ ಹೊಸಬರ ಹೆಗಲಿಗೆ ತೂಗುಹಾಕಬೇಡಿ, ಸಂಸ್ಥೆಯೇ ಹೊರಲಿ. ಟೂರ್ನಿಯ ದಿನ ವಾಹನ, ತಂಡದ ಜೊತೆ ಒಬ್ಬ ಮಹಿಳಾ ಅಧ್ಯಾಪಕಿ, ತಡವಾದರೆ ಹಾಸ್ಟೆಲಿನಲ್ಲಿ ಮಲಗುವ ವ್ಯವಸ್ಥೆ, ಇಷ್ಟನ್ನು ಪೋಷಕರ ಸಭೆ ಕರೆದು ನೀವೇ ಬಾಯಿಬಿಟ್ಟು ಹೇಳಿ.

ಮೇಡಂ ಬಳಿ ಒಂದು ಟ್ರಂಕೋ ಬೀರುವೋ ಇದ್ದೇ ಇರುತ್ತದೆ, ಹಳೆಯ ಆಟಗಾರ್ತಿಯರ ಪ್ರಮಾಣಪತ್ರಗಳದು. ಅದನ್ನು ಅವರ ಎದುರಿಗೇ ತೆರೆಸಿ ಪಟ್ಟಿ ಮಾಡಿಸಿ. ಕೇಂದ್ರದ ಕ್ರೀಡಾ ಕೋಟಾದ ಕೆಲಸಕ್ಕೆ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದವರು ‘ಫಾರ್ಮ್ 3’ ಕೊಡಬೇಕು. ಯಾವ ವರ್ಷ, ಯಾವ ಪಂದ್ಯಾವಳಿ, ತಂಡಕ್ಕೆ ಎಷ್ಟನೇ ಸ್ಥಾನ ಎಂಬುದೆಲ್ಲ ಅದರಲ್ಲಿ ಇರಬೇಕು, ವಿಶ್ವವಿದ್ಯಾಲಯದ ಕ್ರೀಡಾ ಅಧಿಕಾರಿಯ ಸಹಿಯಾಗಬೇಕು. ದಾಖಲೆ ಕಳೆದರೆ ಹುಡುಗಿಯ ಒಂದು ಅವಕಾಶವೇ ಹೋಯಿತು. ಕಾರ್ಕಳ ತಾಲ್ಲೂಕಿನ ಹಳ್ಳಿಯಿಂದ ಹೋದ ಮಮತಾ ಪೂಜಾರಿ ಕಬಡ್ಡಿಯಿಂದಲೇ ರೈಲ್ವೆ ಸೇರಿ 2014ರಲ್ಲಿ ಅರ್ಜುನ ಪ್ರಶಸ್ತಿಯವರೆಗೆ ಬಂದರು. ಆಟದಿಂದ ಏನು ಸಿಗುತ್ತದೆ ಎಂದು ಕೇಳುವ ತಂದೆಗೆ ಹೊಸ ತರಬೇತುದಾರರು ಇಂಥದ್ದನ್ನು ಕಾಗದ ಪತ್ರದ ಸಮೇತ ವಿವರಿಸಬಲ್ಲವರಾಗಿರಬೇಕು.

ಇದನ್ನೆಲ್ಲ ಮೇಡಂ ಇರುವಾಗಲೇ ಮಾಡಿ ಎನ್ನಲು ಕಾರಣವಿದೆ. ಛತ್ತೀಸಗಡದ ಭಿಲಾಯಿಯಲ್ಲಿ ರಾಜೇಶ್ ಪಟೇಲ್ ಎಂಬ ತರಬೇತುದಾರರಿದ್ದರು. ಬಡವರ ಮನೆಯ ಹುಡುಗಿಯರನ್ನು ತಂದು ಸಾಕಿ ಬೆಳೆಸಿ, ಆ ರಾಜ್ಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನು ದೇಶದ ಮುಂಚೂಣಿಗೆ ತಂದವರು. ಏಳಡಿ ಹತ್ತಿರದ ಎತ್ತರದ ಪೂನಂ ಚತುರ್ವೇದಿ ಕಾನ್ಪುರದಿಂದ ಹೋಗಿ ಅವರ ಬಳಿಯೇ ಪಳಗಿದರು. 2018ರಲ್ಲಿ ಪಟೇಲರು ಹಠಾತ್ತನೆ ತೀರಿಕೊಂಡರು. ಮಾತಾಡಿ ಒಪ್ಪಿಸಿಕೊಡಲು ಅವರಿಗೆ ಸಮಯವೇ ಸಿಗಲಿಲ್ಲ. ನಿಮಗೆ ಮೇ ತಿಂಗಳವರೆಗೆ ಸಮಯವಿದೆ.

‘ನೀವೇ ನೋಡಿಕೊಳ್ಳಿ’ ಎಂಬ ಮೇಡಂ ಮಾತಿನಲ್ಲಿ ನನಗೆ ಬೇಸರ ಕೇಳಿಸುತ್ತದೆ, ಸಂಕಟವೂ. ಇಷ್ಟು ವರ್ಷ ಬೆಳಗಿನ ಜಾವ ಎದ್ದ ಜೀವ ಅದು. ಯಾರು ಬರಬೇಕೆಂದು ಅವರನ್ನು ಕೇಳಿ ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಈ ತಂಡ ಉಳಿಯಲು ಏನೇನು ಬೇಕು ಎಂದು ಕೇಳಿ, ಬರೆದುಕೊಳ್ಳಿ. ಬೀಳ್ಕೊಡುಗೆ ಊರೇ ನೋಡುವ ಹಾಗೆ ಮಾಡಿ, ಹಳೆಯ ಆಟಗಾರ್ತಿಯರನ್ನೆಲ್ಲ ಕರೆಸಿ. ಆದರೆ ಗೌರವ ಸಲಹೆಗಾರ್ತಿ ಎಂಬ ಪದವಿ ಕೊಟ್ಟು ಮೊದಲ ವರ್ಷ ಬೆಂಚಿನ ಪಕ್ಕ ಕೂರಿಸಬೇಡಿ. ಅವರು ಅಲ್ಲಿದ್ದರೆ ಟೈಮ್‌ಔಟಿನಲ್ಲಿ ಹುಡುಗಿಯರ ಕಣ್ಣು ಅವರ ಕಡೆಗೇ ಹೋಗುತ್ತದೆ. ಇದನ್ನು ಅವರಿಗೆ ನೇರವಾಗಿ, ಪ್ರೀತಿಯಿಂದ ನೀವೇ ಹೇಳಬೇಕು. ಅವರಿಗೆ ಅರ್ಥವಾಗುತ್ತದೆ.

ನೇಮಕದ ಪತ್ರ ಬರೆಯುವಾಗ ಮೂರು ಪೂರ್ತಿ ವರ್ಷಗಳ ಅವಧಿ ಹಾಕಿ, ಬೇಸಿಗೆ ರಜೆಯ ಸಂಬಳ ಸೇರಿಸಿ. ಕಪ್ಪಿನ ಲೆಕ್ಕಕ್ಕಿಂತ ಮೊದಲು ಎಷ್ಟು ಹುಡುಗಿಯರು ಆಟದಲ್ಲಿ ಉಳಿದರು, ಎಷ್ಟು ಮಂದಿ ಪದವಿ ಮುಗಿಸಿದರು ಎಂದು ವರ್ಷಾಂತ್ಯದಲ್ಲಿ ನೋಡುತ್ತೇವೆ ಎಂಬ ಮಾತೂ ಅದರಲ್ಲಿರಲಿ. ಸಮಿಟ್ ಅವರ ಬಳಿ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬಳೂ ಪದವೀಧರೆಯಾಗಿಯೇ ಹೊರಬಂದಳು. ಅನುಕರಿಸಬೇಕಾದ ದಾಖಲೆ ಅದು. ಸುಗ್ಗಿಯಲ್ಲಿ ಕೋರ್ಟಿನ ಮೇಲೆ ಅಡಿಕೆ ಹಾಕುವುದಿಲ್ಲ ಎಂದು ಮಂಡಳಿಯ ಠರಾವನ್ನೂ ಈ ಸಲವೇ ಮಾಡಿಬಿಡಿ, ಹೊಸದಾಗಿ ಬಂದವರು ಮೊದಲ ವರ್ಷವೇ ಊರಿನವರ ಜೊತೆ ಆ ಜಗಳಕ್ಕೆ ನಿಲ್ಲುವಂತಾಗಬಾರದು.

ನಾಳೆಯೇ ಅಕ್ಕನನ್ನು ಕರೆಸಿ ಕೇಳಿ. ಅವರು ಏನೆಂದರು ಎಂದು ನನಗೂ ಬರೆಯಿರಿ.