ಬಲಕ್ಕೆ ನೋಡಿದ ಮಗು ಮತ್ತು ಕಾಣದ ವಾಹನ

ಎರಡರಿಂದ ಏಳು ವರ್ಷದವರೆಗಿನ ಮಕ್ಕಳಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆ ಗುರುತಿಸಿದ ಸ್ವಕೇಂದ್ರಿತತೆ, ಅಂದರೆ ತನಗೆ ಕಂಡದ್ದೇ ಎಲ್ಲರಿಗೂ ಕಾಣುತ್ತದೆಂದು ಭಾವಿಸುವ ಗುಣ, ಮನೆಯೊಳಗೆ ನಿರುಪದ್ರವಿಯಾದರೂ ರಸ್ತೆಯಲ್ಲಿ ಪ್ರಾಣಾಂತಿಕವಾಗಬಲ್ಲದು. ಬಸ್ಸು ತನಗೆ ಕಂಡಮೇಲೆ ಬಸ್ಸಿನವನಿಗೂ ತಾನು ಕಂಡಿರಲೇಬೇಕೆಂದು ಮಗು ನಂಬಿಬಿಡುತ್ತದೆ. 1991ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನವೊಂದರಲ್ಲಿ ಐದು ಮತ್ತು ಏಳು ವರ್ಷದ ಮಕ್ಕಳು ವಾಹನ ಕಣ್ಣಿಗೆ ಬೀಳದ ಜಾಗವನ್ನೇ ಸುರಕ್ಷಿತವೆಂದು ಆರಿಸಿಕೊಂಡರು. ತಿರುವು ಅಥವಾ ನಿಂತ ವಾಹನ ನೋಟಕ್ಕೆ ಅಡ್ಡವಾಗಿದೆಯೆಂಬುದು ಅವರ ಗಣನೆಗೆ ಬರಲಿಲ್ಲ.

ಪ್ರಸ್ತುತ ಲೇಖಕಿಯ ಆರು ವರ್ಷದ ಮಗಳ ವಿಷಯದಲ್ಲಿ ನಡೆದದ್ದೂ ಇದೇ. ಶಾಲೆ ಬಿಡುವ ಹೊತ್ತಿಗೆ ಗೇಟಿಗೆ ಅಡ್ಡಲಾಗಿ ವ್ಯಾನುಗಳು ನಿಂತಿದ್ದವು. ತಾಯಿ ಆಚೆ ಬದಿಯಿಂದ ಬರುತ್ತಿರುವುದನ್ನು ಕಂಡ ಮಗು ವ್ಯಾನೊಂದರ ಮುಂಭಾಗಕ್ಕೆ ಬಂದು ನಿಂತಿತು, ಕಲಿಸಿಕೊಟ್ಟಂತೆಯೇ ಬಲಕ್ಕೆ ನೋಡಿತು, ಎಡಕ್ಕೆ ನೋಡಿತು, ಮತ್ತೆ ಬಲಕ್ಕೆ ನೋಡಿ ರಸ್ತೆಗಿಳಿಯಿತು. ಬಲಗಡೆ ಅದಕ್ಕೆ ಕಂಡದ್ದು ವ್ಯಾನಿನ ಹಳದಿ ತಗಡು ಮಾತ್ರ. ಅದರ ಹಿಂದಿನಿಂದ ಬಂದ ಟೆಂಪೋ ತಾಯಿಗೆ ಕಾಣುತ್ತಿತ್ತು, ಮಗುವಿಗೆ ಕಾಣುತ್ತಿರಲಿಲ್ಲ. "ನಿಲ್ಲು" ಎಂದು ಕೂಗಿದ್ದು ಹಾರ್ನಿನ ಸದ್ದಿನಲ್ಲಿ ಮುಳುಗಿಹೋಯಿತು. ಬ್ರೇಕು ಕಿರುಗುಟ್ಟಿ, ಟೆಂಪೋದ ಕನ್ನಡಿ ಬೆನ್ನಿನ ಚೀಲಕ್ಕೆ ಸಿಕ್ಕಿ, ಮಗು ಡಾಂಬರಿನ ಮೇಲೆ ಕುಕ್ಕರಿಸಿ ಬಿತ್ತು. ತರಚಿದ ಮೊಣಕೈ ಬಿಟ್ಟರೆ ಬೇರೆ ಗಾಯವಾಗಲಿಲ್ಲ. ಅಳುತ್ತಲೇ ಅದು ಹೇಳಿದ್ದು ಒಂದೇ ಮಾತು: "ನೋಡಿದೆ ಅಮ್ಮ, ಯಾವ ಗಾಡೀನೂ ಇರ್ಲಿಲ್ಲ." ಅದು ಸುಳ್ಳಲ್ಲ, ಆ ವಯಸ್ಸಿಗೆ ಕಾಣದ್ದು ಇಲ್ಲದ್ದೇ.

ವ್ಯಾನುಗಳನ್ನು ಗೇಟಿನಿಂದ ದೂರ ನಿಲ್ಲಿಸಬೇಕೆಂದು ದೂರು ಕೊಟ್ಟಾಗ ಸಂಬಂಧಪಟ್ಟ ಅಧಿಕಾರಿಯಿಂದ ಬಂದ ಉತ್ತರ, "ಮಗುವಿಗೆ ಸರಿಯಾಗಿ ಬುದ್ಧಿ ಹೇಳಿ ಕಳಿಸಿ" ಎಂಬುದು. ಹೇಳಿದ ಬುದ್ಧಿಯನ್ನು ಚಾಚೂ ತಪ್ಪದೆ ಪಾಲಿಸಿದ ಮಗುವಿನ ಮೇಲೆಯೇ ತಪ್ಪು ಹೊರಿಸುವ ಈ ಧೋರಣೆ ಅಜ್ಞಾನದ್ದು, ಕ್ರೂರವಾದದ್ದು ಕೂಡ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಗಂಟೆಗೆ ಸುಮಾರು 32 ಕಿ.ಮೀ. ಮೀರಿದ ವೇಗದ ವಾಹನ ತಮ್ಮತ್ತ ಬರುತ್ತಿದೆಯೆಂಬುದನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ಖಚಿತವಾಗಿ ಗ್ರಹಿಸಲಾರದು. ಇದನ್ನು ಬುದ್ಧಿಮಾತಿನಿಂದ ಸರಿಪಡಿಸಲಾಗದು.

ಆದರೂ ಮಾಡಬಹುದಾದದ್ದು ಸ್ವಲ್ಪವಿದೆ. ಗ್ಲಾಸ್ಗೋದ ಡ್ರಮ್‌ಚಾಪೆಲ್‌ನಲ್ಲಿ ಸ್ವಯಂಸೇವಕರು ಐದು ವರ್ಷದ ಮಕ್ಕಳನ್ನು ರಸ್ತೆಬದಿಗೇ ಕರೆದೊಯ್ದು ಅಭ್ಯಾಸ ಮಾಡಿಸಿದಾಗ ದಾಟುವ ಜಾಗದ ಆಯ್ಕೆ ಸುಧಾರಿಸಿತು. ನಿಂತ ವಾಹನದ ಹೊರ ಅಂಚಿನಲ್ಲಿ ಮತ್ತೊಮ್ಮೆ ನಿಂತು ಇಣುಕಿ ನೋಡುವುದನ್ನು ಪೋಷಕರು ಹಾಗೆಯೇ ರೂಢಿಸಬೇಕು, ಕೈ ಮಾತ್ರ ಬಿಡಬಾರದು. ಮತ್ತು ಶಾಲೆಯ ಗೇಟಿನೆದುರು ವಾಹನ ನಿಲ್ಲಿಸುವವರು ದಯವಿಟ್ಟು ಅದನ್ನು ಇಂದೇ ಬಿಡಬೇಕು.