ಎಂಜಿನಿನ ಜಿಡ್ಡು: ನಿದಾನ ಮತ್ತು ಶೋಧನ

ಎಣ್ಣೆಗೆ ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಹೆಸರುಂಟು. ಎರಡು ವಸ್ತುಗಳು ಒಂದನ್ನೊಂದು ಉಜ್ಜಿ ಸವೆಸದಂತೆ ನಡುವೆ ನಿಲ್ಲುವುದು ಸ್ನೇಹದ ಧರ್ಮ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ ಹಿಂದಿನವರು ಈ ತತ್ತ್ವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಇಂದಿನ ಮೋಟಾರು ವಾಹನದಲ್ಲಿ ಅದೇ ಕೀಲೆಣ್ಣೆಯು ‘ಎಂಜಿನ್ ಆಯಿಲ್’ ಎಂಬ ಹೆಸರಿನಿಂದ ಐದು ಬಗೆಯ ಸೇವೆ ಸಲ್ಲಿಸುತ್ತದೆ: ಘರ್ಷಣೆಯನ್ನು ತಗ್ಗಿಸುವುದು, ತಾಪವನ್ನು ಹೊತ್ತೊಯ್ಯುವುದು, ಪಿಸ್ಟನ್ನಿನ ಬಳೆಗಳ ಎಡೆಯನ್ನು ಮುಚ್ಚುವುದು, ತುಕ್ಕನ್ನು ತಡೆಯುವುದು, ಕಶ್ಮಲವನ್ನು ತನ್ನೊಳಗೆ ಎತ್ತಿಕೊಂಡು ಫಿಲ್ಟರಿಗೆ ಒಪ್ಪಿಸುವುದು. ಈ ಕೊನೆಯ ಕಾರ್ಯವು ಎಣ್ಣೆಯ ಶಕ್ತಿಗೆ ಮೀರಿದಾಗ ಶುದ್ಧಿಗೊಳಿಸಬೇಕಾದ ಎಣ್ಣೆಯೇ ಕೊಳೆಯಾಗಿ ಪರಿಣಮಿಸುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ‘ಸ್ಲಡ್ಜ್’ ಎನ್ನುವರು. ಕನ್ನಡದಲ್ಲಿ ಜಿಡ್ಡು ಎಂದರೆ ಸಾಕು.

ಜಿಡ್ಡು ಕಟ್ಟುವ ಬಗೆ

ಕಾದ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಸೇರಿ ಕಾಲಕ್ರಮದಲ್ಲಿ ದಪ್ಪವಾಗುತ್ತದೆ. ಪಿಸ್ಟನ್ನಿನ ಪಕ್ಕದಿಂದ ನುಸುಳಿ ಬರುವ ಹೊಗೆ, ಮಸಿ, ಉರಿಯದೆ ಉಳಿದ ಇಂಧನ, ನೀರಾವಿ ಇವೆಲ್ಲವೂ ಅದರಲ್ಲಿ ಬೆರೆಯುತ್ತವೆ. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆಂಬುದು ಅನೇಕರಿಗೆ ಸೋಜಿಗವೆನಿಸಬಹುದು. ಅದರ ಬಹುಪಾಲು ಹೊಗೆಕೊಳವೆಯಿಂದ ಹೊರಟುಹೋದರೂ ಅಲ್ಪಾಂಶ ಎಂಜಿನಿನ ಒಡಲಿಗೆ ಇಳಿಯುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಈ ತೇವವು ಮತ್ತೆ ಆವಿಯಾಗಿ ಹೋಗುವುದು. ಕಾಯದಿದ್ದರೆ ಅಲ್ಲಿಯೇ ಉಳಿದು ಎಣ್ಣೆಯನ್ನು ಮಜ್ಜಿಗೆಯಂತೆ ಕದಡುವುದು.

ಇದರಿಂದ ಒಂದು ವಿಚಿತ್ರವಾದ ಫಲಿತಾಂಶ ಹೊರಡುತ್ತದೆ: ಕಡಿಮೆ ಓಡಿದ ವಾಹನಕ್ಕೇ ಜಿಡ್ಡಿನ ಭಯ ಹೆಚ್ಚು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಆರಂಭವಾದ ಕಾಲದಿಂದಲೂ ಈ ಕರಾವಳಿಯು ಬಸ್ಸುಗಳ ಸೀಮೆ. ಉಡುಪಿಯಿಂದ ಸುಮಾರು 38 ಕಿ.ಮೀ. ದೂರದ ಕಾರ್ಕಳಕ್ಕೆ ದಿನವಿಡೀ ಹೋಗಿ ಬರುವ ಬಸ್ಸಿನ ಎಣ್ಣೆ ಕಾದೇ ಇರುತ್ತದೆ. ಆದರೆ ಉಡುಪಿಯಿಂದ ಮಣಿಪಾಲದ ಗುಡ್ಡಕ್ಕೆ ಕೇವಲ ಐದು ಕಿ.ಮೀ. ಏರಿ ನಿಲ್ಲುವ ಕಾರು, ಕಾಪುವಿನ ಓಣಿಗಳಲ್ಲಿ ಬೆಳಗ್ಗೆ ಸಂಜೆ ಮಕ್ಕಳನ್ನು ಕರೆತಂದು ಉಳಿದ ಹೊತ್ತು ನಿಂತಿರುವ ಶಾಲೆಯ ವ್ಯಾನು, ಇವುಗಳ ಎಣ್ಣೆ ಕಾಯುವಷ್ಟರಲ್ಲಿ ಪ್ರಯಾಣವೇ ಮುಗಿದಿರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಈ ನಾಡಿನಲ್ಲಿ ಗಾಳಿಯ ತೇವವೂ ಅದಕ್ಕೆ ಕೂಡುತ್ತದೆ. ‘ಹೆಚ್ಚು ಓಡಿಲ್ಲ, ಎಣ್ಣೆ ಈಗಲೇ ಬೇಡ’ ಎಂಬ ಮಿತವ್ಯಯದ ಮಾತು ಇಲ್ಲಿ ಸಲ್ಲದು. ಅನೇಕ ಕಾರುಗಳ ಕೈಪಿಡಿಗಳಲ್ಲಿ ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ಬರೆದಿರುತ್ತದೆ; ಅದರ ಉತ್ತರಾರ್ಧವನ್ನು ಓದದವರೇ ಹೆಚ್ಚು.

ಪಾಲನೆಯೊಂದೇ ಕಾರಣವೆಂದೂ ಹೇಳಲಾಗದು. ಟೊಯೋಟ ಸಂಸ್ಥೆಯು ಜಿಡ್ಡಿನ ದೂರುಗಳ ಕಾರಣದಿಂದ 2002ರಲ್ಲಿ ಅಮೆರಿಕದ ಸುಮಾರು 33 ಲಕ್ಷ ವಾಹನಗಳಿಗೆ ವಿಶೇಷ ರಿಪೇರಿಯ ಭರವಸೆ ನೀಡಬೇಕಾಯಿತು. ಎಂಜಿನಿನ ಒಳಗಾಳಿಯನ್ನು ಹೊರಗೊಯ್ಯುವ ಕವಾಟ ಕಟ್ಟಿಕೊಂಡರೂ ಜಿಡ್ಡು ಶೀಘ್ರವಾಗಿ ಬೆಳೆಯುತ್ತದೆ.

ಲಕ್ಷಣಗಳು

ಡೀಸೆಲ್ ಎಂಜಿನಿನ ಎಣ್ಣೆ ಬೇಗನೆ ಕಪ್ಪಾಗುವುದು ರೋಗವಲ್ಲ. ಮಸಿಯನ್ನು ಎಣ್ಣೆ ಹೊತ್ತಿದೆಯೆಂಬುದಕ್ಕೆ ಅದು ಸಾಕ್ಷಿ. ಬಣ್ಣವನ್ನಲ್ಲ, ಗಟ್ಟಿತನವನ್ನು ನೋಡಬೇಕು. ಎಣ್ಣೆ ತುಂಬುವ ಮುಚ್ಚಳದ ಅಡಿಯಲ್ಲಿ ಡಾಂಬರಿನಂತಹ ಕರಿಯ ಪದರವಿದ್ದರೆ ಅದು ಜಿಡ್ಡು. ಮಳೆಗಾಲದಲ್ಲಿ ಮುಚ್ಚಳದಡಿ ಮಾತ್ರ ತುಸು ಬಿಳಿಯ ನೊರೆ ಕಂಡರೆ ಅದು ತೇವ. ವಾಹನವನ್ನು ದೂರ ಓಡಿಸಿದರೆ ಸಾಮಾನ್ಯವಾಗಿ ಕರಗುವುದು. ಅಳತೆಯ ಕಡ್ಡಿಯಲ್ಲಿಯೂ ಎಣ್ಣೆ ಹಾಲಿನಂತಾಗಿ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರುವ ಶಂಕೆ. ಆಗ ಮೊದಲು ಆ ಸೋರಿಕೆಯನ್ನು ನಿಲ್ಲಿಸಬೇಕು. ಅದಕ್ಕೆ ಮುನ್ನ ಎಷ್ಟು ತೊಳೆದರೂ ವ್ಯರ್ಥ. ಓಡುವಾಗ ಎಣ್ಣೆಯ ಒತ್ತಡದ ಕೆಂಪು ದೀಪ ಬೆಳಗಿತೆಂದರೆ ಮುಂದಿನ ನಿಲ್ದಾಣದವರೆಗೆ ಹೋಗುವ ಯೋಚನೆ ಬೇಡ. ಕ್ಷೇಮವಾದ ಕಡೆ ನಿಲ್ಲಿಸಿ ಕೂಡಲೇ ಎಂಜಿನನ್ನು ಆರಿಸಬೇಕು. ಎಣ್ಣೆಯಿಲ್ಲದ ಬೇರಿಂಗು ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಿ ಎಂಜಿನು ಬಿಗಿದುಕೊಳ್ಳುತ್ತದೆ.

ಶೋಧನ ಕ್ರಮ

1958ರಿಂದ ಆಯುರ್ವೇದ ಕಾಲೇಜನ್ನು ಕಂಡ ಉಡುಪಿಯವರಿಗೆ ಪಂಚಕರ್ಮದ ಕ್ರಮ ಅಪರಿಚಿತವಲ್ಲ. ಸ್ನೇಹನ, ಸ್ವೇದನಗಳಿಂದ ದೋಷವನ್ನು ಸಡಿಲಿಸಿದ ಮೇಲೆ ಶೋಧನ. ಬಳಿಕ ಹಗುರವಾದ ಪಥ್ಯ. ದುರ್ಬಲನಾದ ರೋಗಿಗೆ ತೀಕ್ಷ್ಣ ವಿರೇಚನ ನಿಷಿದ್ಧ. ಎಂಜಿನಿನ ವಿಷಯದಲ್ಲಿಯೂ ಈ ವಿವೇಕವೇ ಬೇಕು.

ಜಿಡ್ಡು ತೆಳುವಾಗಿದ್ದರೆ ಸೌಮ್ಯೋಪಾಯವೇ ಲೇಸು. ಎಂಜಿನನ್ನು ಬಿಸಿಮಾಡಿ, ಸಂಪಿನ ಬೋಲ್ಟು ಬಿಚ್ಚಿ, ಕೈ ಸುಡದಂತೆ ಎಚ್ಚರದಿಂದ ಎಣ್ಣೆಯನ್ನು ಪೂರ್ತಿ ಇಳಿಸಬೇಕು. ಹೊಸ ಫಿಲ್ಟರು ಹಾಕಿ, ಕೈಪಿಡಿ ಹೇಳಿದ ದರ್ಜೆಯ ಒಳ್ಳೆಯ ಎಣ್ಣೆ ತುಂಬಿ, ವಾಡಿಕೆಯ ಅವಧಿಗಿಂತ ಬಹು ಮೊದಲೇ ಮತ್ತೆ ಬದಲಿಸಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ಎಣ್ಣೆಯಲ್ಲಿರುವ ಶೋಧಕ ದ್ರವ್ಯಗಳೇ ಜಿಡ್ಡನ್ನು ಮೆಲ್ಲನೆ ಕರಗಿಸಿಕೊಳ್ಳುತ್ತವೆ. ಅಂಗಡಿಯಲ್ಲಿ ದೊರೆಯುವ ಫ್ಲಶಿಂಗ್ ದ್ರವವನ್ನು ಕೈಪಿಡಿ ಒಪ್ಪಿದ್ದರೆ ಮಾತ್ರ ಬಳಸಬೇಕು. ಅದನ್ನು ಹಳೆಯ ಎಣ್ಣೆಗೆ ಬೆರೆಸಿ, ಡಬ್ಬಿಯ ಮೇಲೆ ಬರೆದಷ್ಟೇ ನಿಮಿಷ ನಿಂತಲ್ಲಿಯೇ ಎಂಜಿನು ನಡೆಸಿ, ಇಳಿಸಿಬಿಡಬೇಕು. ಆ ದ್ರವ ಒಳಗಿರುವಾಗ ವಾಹನವನ್ನು ಓಡಿಸಕೂಡದು.

ಜಿಡ್ಡು ದಪ್ಪವಾಗಿದ್ದರೆ ಈ ದ್ರವವೇ ವಿಷ. ಸಡಿಲಗೊಂಡ ಹೆಪ್ಪುಗಳು ಸಂಪಿಗೆ ಇಳಿದು, ಪಂಪು ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಿಬಿಡುತ್ತವೆ. ಹೇಗೋ ನಡೆಯುತ್ತಿದ್ದ ಎಂಜಿನು ಶುದ್ಧಿಯ ಮರುದಿನವೇ ಹಾಳಾಗುವುದು ಹೀಗೆ. ಸೀಮೆಎಣ್ಣೆ ಇಲ್ಲವೇ ಡೀಸೆಲನ್ನು ಸಂಪಿಗೆ ಸುರಿದು ಎಂಜಿನು ನಡೆಸುವ ಹಳೆಯ ಪದ್ಧತಿಯಲ್ಲಿ ಬೇರಿಂಗುಗಳನ್ನು ಕಾಯುವ ಎಣ್ಣೆಯ ಪೊರೆಯೇ ತೆಳುವಾಗುತ್ತದೆ. ಇಂತಹ ಎಂಜಿನಿಗೆ ಕೈಯ ಕೆಲಸವೇ ಮದ್ದು. ಅನುಭವಿ ಮೆಕ್ಯಾನಿಕರು ಟ್ಯಾಪೆಟ್ ಕವರನ್ನೂ ಸಂಪನ್ನೂ ಬಿಚ್ಚಿ, ಎಣ್ಣೆ ಇಳಿಯುವ ರಂಧ್ರಗಳನ್ನು ಎಳೆ ಬಿಡದ ಬಟ್ಟೆಯಿಂದ ಮುಚ್ಚಿ, ಮರದ ಇಲ್ಲವೇ ಪ್ಲಾಸ್ಟಿಕ್ಕಿನ ಚಕ್ಕೆಯಿಂದ ಜಿಡ್ಡನ್ನು ಕೆರೆದು ತೆಗೆಯುತ್ತಾರೆ. ಬಿಚ್ಚಿದ ಭಾಗಗಳನ್ನೂ ಜಾಲರಿಯನ್ನೂ ಹೊರಗೆ ಸೀಮೆಎಣ್ಣೆಯಲ್ಲಿ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿಸಿ, ಹೊಸ ಗ್ಯಾಸ್ಕೆಟ್ಟುಗಳೊಡನೆ ಜೋಡಿಸುತ್ತಾರೆ. ಮುಚ್ಚಿದ ಬಟ್ಟೆಗಳನ್ನು ಎಣಿಸಿ ಹೊರತೆಗೆಯುವುದು ಇಲ್ಲಿ ಮರೆಯಬಾರದ ನಿಯಮ. ಮೊದಲು ತುಂಬಿದ ಎಣ್ಣೆಯನ್ನೂ ಫಿಲ್ಟರನ್ನೂ ಬೇಗನೆ ಬದಲಿಸುವುದೇ ಪಥ್ಯ. ಸವೆದ ಬೇರಿಂಗನ್ನು ಯಾವ ಶೋಧನವೂ ಮರಳಿ ತುಂಬಲಾರದು.

ಇಳಿಸಿದ ಎಣ್ಣೆ

ಶೋಧನದ ಕರ್ತವ್ಯ ಎಂಜಿನಿನೊಡನೆ ಮುಗಿಯುವುದಿಲ್ಲ. ಬಳಸಿದ ಎಣ್ಣೆಯು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಕಾರ್ಕಳ ತಾಲೂಕಿನ ಕಡೆಯಿಂದ ಹರಿದು ಬರುವ ಸ್ವರ್ಣೆಯ ನೀರು ಬಜೆಯ ಅಣೆಕಟ್ಟಿನ ಮೂಲಕ ಉಡುಪಿಯ ಮನೆಗಳಿಗೆ ಕುಡಿಯಲು ಬರುತ್ತದೆ. ಮೇಲಣ ಊರಿನ ಗ್ಯಾರೇಜಿನವನು ತೋಡಿಗೆ ಚೆಲ್ಲಿದ ಎಣ್ಣೆ ಮೊದಲ ಮಳೆಯೊಡನೆ ಯಾರ ಬಿಂದಿಗೆಯತ್ತ ಹೊರಡುವುದೆಂದು ಯೋಚಿಸಬೇಕು. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು, ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಟ್ಟರೆ ಅದನ್ನು ಶುದ್ಧೀಕರಿಸಿ ಪುನಃ ಬಳಕೆಗೆ ತರಲು ಸಾಧ್ಯವಿದೆ.

ಶಾಲೆಗೆ ಬಸ್ಸನ್ನು ಕೊಟ್ಟ ದಾನಿಯ ಹೆಸರು ಅದರ ಪಕ್ಕದಲ್ಲಿ ಬರೆಯಲ್ಪಟ್ಟಿರುತ್ತದೆ. ಆ ದಾನ ಬಾಳುವುದು ಮಾತ್ರ ಒಳಗಿನ ನಾಲ್ಕಾರು ಲೀಟರು ಎಣ್ಣೆಯಿಂದ. ಬೇಸಗೆಯ ರಜೆಯೆಲ್ಲ ನಿಂತ ವಾಹನವು ಜೂನ್ ತಿಂಗಳ ಮಳೆಯಲ್ಲಿ ಮಕ್ಕಳನ್ನು ಹೊತ್ತು ಹೊರಡುವ ಮುನ್ನ ಮುಚ್ಚಳ ತೆರೆದು ನೋಡುವುದಕ್ಕೆ ಒಂದು ನಿಮಿಷ ಸಾಕು. ಎಣ್ಣೆ ಬದಲಿಸಿದ ದಿನಾಂಕವನ್ನೂ ಕಿಲೋಮೀಟರನ್ನೂ ಬರೆಯಲು ಒಂದು ಪುಸ್ತಕವಿದ್ದು, ಅದನ್ನು ಚಾಲಕನೂ ಕಚೇರಿಯವರೂ ತಿಂಗಳಿಗೊಮ್ಮೆ ನೋಡುವಂತಾದರೆ, ಜಿಡ್ಡು ತೆಗೆಯುವ ಕಷ್ಟ ಬಹುಮಟ್ಟಿಗೆ ಬಾರದು.